ಅಂಡಮಾನ್ ಕಡಲಿಗೆ ಪುಟ್ಟ ಮಕ್ಕಳೊಡನೆ: ಓದುಗರ ಪ್ರಶ್ನೆಗೆ ಮಕ್ಕಳ ವೈದ್ಯರ ಉತ್ತರ

ಪ್ರಶ್ನೆ: ನಾವು ದಾವಣಗೆರೆಯವರು. ಜನವರಿ ಕೊನೆಯ ವಾರ ಆರು ದಿನಗಳ ಮಟ್ಟಿಗೆ ಅಂಡಮಾನ್‌ಗೆ ಹೋಗಬೇಕೆಂದಿದ್ದೇವೆ. ಐದು ವರ್ಷದ ಮಗಳು, ಹದಿನಾಲ್ಕು ತಿಂಗಳ ಮಗ ಹಾಗೂ ನಮ್ಮ ಅತ್ತೆಯವರು ಜೊತೆಗಿರುತ್ತಾರೆ. ಮಕ್ಕಳು ಇದುವರೆಗೆ ಸಮುದ್ರವನ್ನೇ ನೋಡಿಲ್ಲ. ಟ್ರಾವೆಲ್ಸ್‌ನವರು ಕೊಟ್ಟಿರುವ ಪಟ್ಟಿಯಲ್ಲಿ ಪೋರ್ಟ್ ಬ್ಲೇರ್, ಬಾರಾಟಾಂಗ್‌ನ ಸುಣ್ಣದ ಗುಹೆ, ಹ್ಯಾವ್ಲಾಕ್, ನೀಲ್, ರಾಸ್ ದ್ವೀಪಗಳು, ನಾರ್ತ್ ಬೇ ಎಲ್ಲವೂ ಇವೆ. ಇದು ಮಕ್ಕಳಿಗೆ ಹೆಚ್ಚಾಗುತ್ತದೆಯೇ? ಕಡಲಲ್ಲಿ ಆಡಿಸುವಾಗ ಮತ್ತು ಊಟ, ಔಷಧಿಯ ವಿಷಯದಲ್ಲಿ ಏನು ಎಚ್ಚರ ವಹಿಸಬೇಕು?

ಉತ್ತರ: ಹೆಚ್ಚಾಗುತ್ತದೆ, ಅದೂ ಸ್ವಲ್ಪವಲ್ಲ. ಆರು ದಿನಗಳಲ್ಲಿ ಹೋಗುವ ದಿನ ಮತ್ತು ಬರುವ ದಿನವನ್ನು ಕಳೆದರೆ ನಿಮ್ಮ ಕೈಯಲ್ಲಿ ಉಳಿಯುವುದು ನಾಲ್ಕೇ ದಿನ. ಅಷ್ಟರಲ್ಲಿ ಪಟ್ಟಿಯಲ್ಲಿರುವುದನ್ನೆಲ್ಲ ಮುಟ್ಟಿ ಬರಬೇಕೆಂದರೆ ಮಕ್ಕಳು ಬಹುಪಾಲು ಹೊತ್ತನ್ನು ಮರಳಿನ ಮೇಲಲ್ಲ, ಜೆಟ್ಟಿಯ ಸರತಿ ಸಾಲಿನಲ್ಲಿ ಮತ್ತು ಕಾರಿನ ಹಿಂದಿನ ಸೀಟಿನಲ್ಲಿ ಕಳೆಯುತ್ತಾರೆ. ಸಮುದ್ರವನ್ನೇ ನೋಡದ ಮಕ್ಕಳಿಗೆ ಒಂದೇ ಕಡಲತೀರವನ್ನು ಮೂರು ದಿನ ಬಿಟ್ಟುಕೊಟ್ಟರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಬಾರಾಟಾಂಗ್ ಅನ್ನು ಪಟ್ಟಿಯಿಂದ ತೆಗೆಯಿರಿ. ಆ ದಾರಿ ಜಾರವಾ ಬುಡಕಟ್ಟಿನ ಮೀಸಲು ಕಾಡಿನ ಮೂಲಕ ಹಾದುಹೋಗುತ್ತದೆ. ವಾಹನಗಳನ್ನು ನಿಗದಿತ ಹೊತ್ತಿಗೆ ಬೆಂಗಾವಲಿನಲ್ಲಿ ಸಾಲಾಗಿ ಬಿಡುವುದರಿಂದ ಹೋಟೆಲಿನಿಂದ ನಸುಕಿಗೂ ಮುನ್ನವೇ ಹೊರಡಬೇಕಾಗುತ್ತದೆ, ಮತ್ತು ಕಾಡಿನೊಳಗೆ ಎಲ್ಲಿಯೂ ನಿಲ್ಲಿಸುವಂತಿಲ್ಲ. ಹದಿನಾಲ್ಕು ತಿಂಗಳ ಮಗು ವಾಂತಿ ಮಾಡಿಕೊಂಡರೂ ಗಾಡಿ ನಿಲ್ಲುವುದಿಲ್ಲ. ಅದಾದ ಮೇಲೆ ಬಾರ್ಜ್, ಸ್ಪೀಡ್‌ಬೋಟ್, ಕಾಲ್ನಡಿಗೆ, ನಂತರ ಅದೇ ದಾರಿಯಲ್ಲಿ ವಾಪಸ್. ವೈದ್ಯನಾಗಿ ಇನ್ನೊಂದು ಮಾತನ್ನೂ ಹೇಳಬೇಕು: 1999ರಲ್ಲಿ ಜಾರವಾ ಜನರಲ್ಲಿ ದಡಾರ ಹರಡಿತ್ತು. ಹೊರಗಿನ ಸೋಂಕುಗಳಿಗೆ ಹೆಚ್ಚು ಒಡ್ಡಿಕೊಳ್ಳದ ಜನರಿರುವ ಕಾಡಿನ ನಡುವೆ ಕೆಮ್ಮು ನೆಗಡಿಯ ಮಕ್ಕಳನ್ನು ಕರೆದೊಯ್ಯುವುದು ಅವರ ದೃಷ್ಟಿಯಿಂದಲೂ ಒಳ್ಳೆಯದಲ್ಲ.

ಹ್ಯಾವ್ಲಾಕ್ ಮತ್ತು ನೀಲ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಹ್ಯಾವ್ಲಾಕ್. ನೀಲ್ ಶಾಂತವಾದ, ಸುಂದರವಾದ ದ್ವೀಪವೇ, ಆದರೆ ಅಲ್ಲಿನ ಭರತ್‌ಪುರ, ಲಕ್ಷ್ಮಣ್‌ಪುರ ತೀರಗಳಲ್ಲಿ ಇಳಿತದ ಹೊತ್ತಿಗೆ ನೀರು ಬಹಳ ದೂರ ಹಿಂದೆ ಸರಿದು, ಮೊನಚಾದ ಹವಳದ ಕಲ್ಲುಗಳು ಬಯಲಾಗುತ್ತವೆ. ಹೊಸದಾಗಿ ನಡೆಯಲು ಕಲಿತ ಮಗುವಿನ ಪಾದಕ್ಕೆ ಅದು ಹೇಳಿಸಿದ ಜಾಗವಲ್ಲ. ಹ್ಯಾವ್ಲಾಕ್‌ನ ಪಶ್ಚಿಮಕ್ಕಿರುವ ರಾಧಾನಗರ ತೀರದಲ್ಲಿ ನುಣುಪು ಮರಳು ಉದ್ದಕ್ಕೂ ಹಾಸಿಕೊಂಡಿದೆ, ಹಿಂದೆಯೇ ಎತ್ತರದ ಮರಗಳ ನೆರಳಿದೆ. 2020ರಲ್ಲಿ ಅದಕ್ಕೆ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕ ಮೇಲೆ ಶೌಚಾಲಯ, ಸ್ನಾನದ ಕೊಠಡಿ, ಜೀವರಕ್ಷಕರ ವ್ಯವಸ್ಥೆಯೂ ಇದೆ. ಟಿಕೆಟ್‌ಗಳಲ್ಲಿ ಹ್ಯಾವ್ಲಾಕ್ ಬದಲು ಸ್ವರಾಜ್ ದ್ವೀಪ, ಪೋರ್ಟ್ ಬ್ಲೇರ್ ಬದಲು ಶ್ರೀ ವಿಜಯಪುರಂ ಎಂದಿದ್ದರೆ ಗಾಬರಿಯಾಗಬೇಡಿ. ಮೊದಲನೆಯದು 2018ರಲ್ಲಿ, ಎರಡನೆಯದು 2024ರಲ್ಲಿ ಬದಲಾದ ಹೆಸರುಗಳು.

ಹಾಗಾದರೆ ಮೊದಲ ರಾತ್ರಿ ಪೋರ್ಟ್ ಬ್ಲೇರ್, ಮೂರು ರಾತ್ರಿ ಹ್ಯಾವ್ಲಾಕ್, ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ಕೊನೆಯ ರಾತ್ರಿಯ ವಿಷಯದಲ್ಲಿ ರಾಜಿ ಬೇಡ. ಗಾಳಿ ಜೋರಾದರೆ ಹಡಗು ರದ್ದಾಗುತ್ತದೆ, ಆಗ ಹ್ಯಾವ್ಲಾಕ್‌ನಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನದ ವಿಮಾನ ಹಿಡಿಯುವ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಉಳಿದ ಆ ಸಂಜೆ ಅತ್ತೆಯವರು ಸೆಲ್ಯುಲರ್ ಜೈಲನ್ನು ನೋಡಿ ಬರಲಿ. ಧ್ವನಿ ಬೆಳಕಿನ ಪ್ರದರ್ಶನ ಐದರ ಮಗಳಿಗೆ ಅರ್ಥವಾಗುವುದಿಲ್ಲ, ಕಿರಿಯವನು ಕತ್ತಲಲ್ಲಿ ಅಳುತ್ತಾನೆ, ಆದ್ದರಿಂದ ನಿಮ್ಮಲ್ಲೊಬ್ಬರು ಮಕ್ಕಳೊಡನೆ ಹೋಟೆಲಿನಲ್ಲೇ ಉಳಿಯುವುದು ಲೇಸು. ಹೊರಡುವಾಗಲೂ ಅಷ್ಟೇ: ದಾವಣಗೆರೆಯಿಂದ ರಾತ್ರಿಯಿಡೀ ಪ್ರಯಾಣಿಸಿ ನೇರವಾಗಿ ವಿಮಾನ ಹತ್ತುವ ಬದಲು ಹಿಂದಿನ ದಿನವೇ ಬೆಂಗಳೂರಿಗೆ ಬಂದು ಮಲಗಿ. ವಿಮಾನ ಇಳಿಯುವಾಗ ಕಿರಿಯವನಿಗೆ ಎದೆಹಾಲನ್ನೋ ನೀರನ್ನೋ ಗುಟುಕರಿಸಲು ಕೊಡಿ, ಕಿವಿನೋವು ಕಡಿಮೆಯಾಗುತ್ತದೆ.

ಹಡಗಿನಲ್ಲಿ ಹೊಟ್ಟೆ ತೊಳಸುವುದು ಕಿರಿಯವನಿಗಿಂತ ಮಗಳಿಗೇ ಹೆಚ್ಚು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಕರಿಕೆ ಅಪರೂಪ. ಅದು ಕಾಡುವುದು ಎರಡರಿಂದ ಹನ್ನೆರಡರ ವಯಸ್ಸಿನವರನ್ನು. ಖಾಸಗಿ ಹಡಗುಗಳು ಸುಮಾರು ಒಂದೂವರೆಯಿಂದ ಎರಡು ಗಂಟೆಯಲ್ಲಿ ಹ್ಯಾವ್ಲಾಕ್ ತಲುಪುತ್ತವೆ. ಹತ್ತುವ ಒಂದು ಗಂಟೆ ಮೊದಲು ಅವಳಿಗೆ ಒಂದೆರಡು ಇಡ್ಲಿ ತಿನ್ನಿಸಿ. ಲೋಟ ತುಂಬ ಹಾಲು ಬೇಡ, ಖಾಲಿ ಹೊಟ್ಟೆಯೂ ಬೇಡ. ಮೂತಿಯ ಕಡೆಯ ಸೀಟು ಹೆಚ್ಚು ಕುಲುಕುತ್ತದೆ, ಆದ್ದರಿಂದ ನಡುವಿನ ಸಾಲು ಕೇಳಿ ಪಡೆಯಿರಿ ಮತ್ತು ಮೊಬೈಲ್ ಕೊಡದೆ ಕಿಟಕಿಯಾಚೆ ದೂರದ ದಿಗಂತವನ್ನು ನೋಡಲು ಹೇಳಿ. ಮಾತ್ರೆ ಬೇಕೆನಿಸಿದರೆ ಮಗಳ ತೂಕಕ್ಕೆ ತಕ್ಕ ಪ್ರಮಾಣವನ್ನು ನಿಮ್ಮ ವೈದ್ಯರಿಂದ ಬರೆಸಿಕೊಂಡು ಹೋಗಿ. ನಿದ್ದೆ ಬರಿಸುವ ಅಂಥ ಔಷಧಿಯನ್ನು ಕಿರಿಯವನಿಗೆ ಯಾವ ಕಾರಣಕ್ಕೂ ಕೊಡಕೂಡದು.

ಇನ್ನು ಬಿಸಿಲು. ಇಲ್ಲಿ ಬಹಳ ಜನ ಗಡಿಯಾರವನ್ನು ನಂಬಿ ಕೆಡುತ್ತಾರೆ. ಅಂಡಮಾನ್‌ನಲ್ಲಿಯೂ ನಮ್ಮ ಗಡಿಯಾರವೇ ನಡೆಯುತ್ತದೆ, ಆದರೆ ದ್ವೀಪಗಳು ದಾವಣಗೆರೆಯಿಂದ ಹದಿನೇಳು ರೇಖಾಂಶದಷ್ಟು ಪೂರ್ವಕ್ಕಿವೆ. ಹೀಗಾಗಿ ಸೂರ್ಯ ಅಲ್ಲಿ ಒಂದು ಗಂಟೆಗೂ ಹೆಚ್ಚು ಮುಂಚೆ ಹುಟ್ಟಿ, ಅಷ್ಟೇ ಮುಂಚೆ ಮುಳುಗುತ್ತಾನೆ. ಜನವರಿ ಕೊನೆಯಲ್ಲಿ ಬೆಳಿಗ್ಗೆ ಆರಕ್ಕೂ ಮುಂಚೆ ಬೆಳಕಾಗುತ್ತದೆ, ಸಂಜೆ ಐದೂವರೆಗೆ ಸೂರ್ಯ ಮುಳುಗಿರುತ್ತಾನೆ. ನೆತ್ತಿಯ ಮೇಲೆ ಬರುವುದು ಹನ್ನೊಂದೂವರೆಯ ಸುಮಾರಿಗೆ. ಊರಿನಲ್ಲಿ ‘ಹತ್ತರ ಮೇಲೆ ಬಿಸಿಲಿಗೆ ಬಿಡಬೇಡಿ’ ಎನ್ನುವ ಮಾತು ಅಲ್ಲಿ ಒಂಬತ್ತಕ್ಕೇ ಅನ್ವಯಿಸುತ್ತದೆ. ಮಕ್ಕಳನ್ನು ಆರರಿಂದ ಎಂಟೂವರೆಯವರೆಗೆ ಆಡಿಸಿ, ಸ್ನಾನ, ಊಟ, ನಿದ್ದೆ ಮುಗಿಸಿ, ಮೂರರ ಮೇಲೆ ಮತ್ತೆ ಕರೆದೊಯ್ಯಿರಿ. ಪುಟ್ಟ ಮಕ್ಕಳು ಹೇಗೂ ಬೆಳಕು ಹರಿದೊಡನೆ ಏಳುವವರು, ಅಲ್ಲಿ ಅದೇ ನಿಮಗೆ ಅನುಕೂಲವಾಗುತ್ತದೆ. ಎಂಟು ಗಂಟೆಗೆ ತಿಂಡಿ ಶುರು ಮಾಡುವ ಹೋಟೆಲಾದರೆ ಬಾಳೆಹಣ್ಣು, ಬಿಸ್ಕತ್ತು ಹಿಂದಿನ ರಾತ್ರಿಯೇ ತಂದಿಟ್ಟುಕೊಳ್ಳಿ. ಮೈತುಂಬ ಮುಚ್ಚುವ ಈಜುಡುಗೆ ಮತ್ತು ಕತ್ತನ್ನೂ ಮುಚ್ಚುವ ಟೋಪಿ ಸನ್‌ಸ್ಕ್ರೀನ್‌ಗಿಂತ ಹೆಚ್ಚು ಕೆಲಸ ಮಾಡುತ್ತವೆ. ಉಳಿದ ಭಾಗಕ್ಕೆ ಎಸ್‌ಪಿಎಫ್ 30 ಅಥವಾ ಮೇಲ್ಪಟ್ಟ, ಜಿಂಕ್ ಆಕ್ಸೈಡ್ ಇರುವ ಕ್ರೀಮನ್ನು ಹೊರಡುವ ಕಾಲು ಗಂಟೆ ಮೊದಲು ಸವರಿ, ಎರಡು ಗಂಟೆಗೊಮ್ಮೆ ಹಾಗೂ ನೀರಿನಿಂದ ಬಂದಾಗಲೆಲ್ಲ ಮತ್ತೆ ಹಚ್ಚಿ.

ಸೂರ್ಯನ ಹಾಗೆಯೇ ನೀರಿನ ವೇಳಾಪಟ್ಟಿಯನ್ನೂ ತಿಳಿದಿರಬೇಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಹೋಟೆಲಿನವರನ್ನು ಕೇಳಿದರೆ ಮರುದಿನದ ಸಮಯ ಹೇಳುತ್ತಾರೆ. ಹ್ಯಾವ್ಲಾಕ್‌ನ ಬಹುತೇಕ ರೆಸಾರ್ಟ್‌ಗಳಿರುವುದು ಗೋವಿಂದನಗರ, ವಿಜಯನಗರದ ಪೂರ್ವ ತೀರದಲ್ಲಿ. ಅಲ್ಲಿ ಇಳಿತವಾದಾಗ ಈಜಲು ನೀರೇ ಇರುವುದಿಲ್ಲ, ಆದರೆ ಮಗಳಿಗೆ ಅದೇ ಹಬ್ಬ: ಗುಂಡಿಗಳಲ್ಲಿ ನಿಂತ ಬೆಚ್ಚನೆಯ ನೀರಿನಲ್ಲಿ ಶಂಖದ ಚಿಪ್ಪನ್ನು ಬೆನ್ನಿಗೇರಿಸಿಕೊಂಡ ಪುಟ್ಟ ಏಡಿಯೊಂದು ಮೆಲ್ಲನೆ ಕಾಲು ಹೊರಚಾಚಿ ನಡೆಯುವುದನ್ನೂ, ನೆರಳು ಬಿದ್ದೊಡನೆ ಸರಕ್ಕನೆ ಒಳಸೇರುವುದನ್ನೂ ಅವಳು ಅರ್ಧ ಗಂಟೆ ನೋಡುತ್ತ ಕೂರಬಲ್ಲಳು. ನೋಡಲಿ, ಎತ್ತಿಕೊಳ್ಳುವುದು ಬೇಡ. ಶಂಕುವಿನಾಕಾರದ, ಚಿತ್ತಾರವಿರುವ ಚೆಂದದ ಚಿಪ್ಪುಗಳೊಳಗೆ ಜೀವವಿರುವ ಕೋನ್ ಶೆಲ್‌ಗಳು ವಿಷದ ಮುಳ್ಳಿನಿಂದ ಚುಚ್ಚುತ್ತವೆ, ಮತ್ತು ಕೆಲವು ಜಾತಿಗಳ ವಿಷ ದೊಡ್ಡವರ ಪ್ರಾಣಕ್ಕೂ ಸಂಚಕಾರ ತರುವಂಥದು. ಹವಳವನ್ನಂತೂ, ಸತ್ತು ದಡಕ್ಕೆ ಬಿದ್ದಿದ್ದರೂ, ಚೀಲಕ್ಕೆ ಹಾಕಬೇಡಿ. ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಇಬ್ಬರು ಮಕ್ಕಳಿಗೂ ರಬ್ಬರ್ ಅಡಿಯ, ಹಿಮ್ಮಡಿ ಮುಚ್ಚುವ ನೀರಿನ ಚಪ್ಪಲಿ ಕೊಳ್ಳಿ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ವಿಷಯ. ಮುಳುಗುವ ಮಗು ಕೂಗುವುದಿಲ್ಲ, ಕೈಬೀಸುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರಿಗೇ ಬಿಡುವಿರುವುದಿಲ್ಲ, ಕೂಗುವುದೆಲ್ಲಿಂದ ಬಂತು? ಒಂದು ನಿಮಿಷದೊಳಗೆ, ಪಕ್ಕದಲ್ಲಿ ಹತ್ತು ಜನರಿದ್ದರೂ, ಸದ್ದಿಲ್ಲದೆ ಮುಗಿದುಹೋಗುತ್ತದೆ. ಕುಟುಂಬದಲ್ಲಿ ಮೂವರು ದೊಡ್ಡವರಿದ್ದಾಗ ಅಪಾಯ ಕಡಿಮೆಯಾಗುತ್ತದೆ ಎಂದುಕೊಳ್ಳಬೇಡಿ, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆಂದು ನಂಬಿರುತ್ತಾರೆ. ‘ಈಗ ಕಾವಲು ನನ್ನದು’ ಎಂದು ಒಬ್ಬರು ಬಾಯಿಬಿಟ್ಟು ಹೇಳಬೇಕು, ಕೈಗೆ ಸಿಗುವಷ್ಟು ಹತ್ತಿರದಲ್ಲಿರಬೇಕು, ಆ ಹೊತ್ತಿನಲ್ಲಿ ಫೋಟೊ ತೆಗೆಯಬಾರದು. ಇಪ್ಪತ್ತು ನಿಮಿಷಕ್ಕೆ ಪಾಳಿ ಬದಲಾಯಿಸಿಕೊಳ್ಳಿ. ಮಗಳು ಮೊಣಕಾಲು ಮಟ್ಟಕ್ಕಿಂತ ಆಳಕ್ಕೆ ಹೋಗುವುದು ಬೇಡ. ಕಿರಿಯವನು ಅಲೆ ಬಂದು ಮುಟ್ಟಿ ಹಿಂದಿರುಗುವ ಒದ್ದೆ ಮರಳಿನಲ್ಲಿ, ನಿಮ್ಮ ಮಡಿಲಲ್ಲಿ ಇರಲಿ. ಗಾಳಿ ತುಂಬುವ ಟ್ಯೂಬು, ತೋಳಿನ ಬಲೂನುಗಳು ಆಟದ ಸಾಮಾನುಗಳೇ ಹೊರತು ರಕ್ಷಣೆಯಲ್ಲ. ತೊಡೆಗಳ ನಡುವೆ ಪಟ್ಟಿ ಇರುವ, ಅಳತೆಗೆ ಸರಿಯಾದ ಲೈಫ್ ಜಾಕೆಟ್ ಒಂದನ್ನು ಊರಿನಿಂದಲೇ ಒಯ್ಯುವುದು ಉತ್ತಮ. ನಾನು ಕರಾವಳಿಯವನು. ನಮ್ಮ ಕಡೆಯ ಹಿರಿಯರು ಮಕ್ಕಳಿಗೆ ಮೊದಲು ಕಲಿಸುವುದು ಕಡಲಿಗೆ ಬೆನ್ನು ಕೊಟ್ಟು ನಿಲ್ಲಬೇಡ ಎಂಬುದನ್ನು. ನಿಮ್ಮ ಮಗಳಿಗೂ ಅದನ್ನೇ ಹೇಳಿಕೊಡಿ.

ಮೊಸಳೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಂಡಮಾನ್‌ನ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಲ್ಲಿ, ತೊರೆಗಳು ಕಡಲು ಸೇರುವ ಬಾಯಿಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ರಾಧಾನಗರದ ಅಂಚಿನ ನೀಲ್ಸ್ ಕೋವ್ ಬಳಿ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾಗಿದ್ದರು. ಎಚ್ಚರಿಕೆಯ ಫಲಕವಿರುವಲ್ಲಿ ನೀರಿಗಿಳಿಯಬೇಡಿ, ಜನರಿರುವ, ಜೀವರಕ್ಷಕರು ಗುರುತು ಮಾಡಿದ ಭಾಗದಲ್ಲೇ ಇರಿ. ಅಷ್ಟು ಸಾಕು.

ಮೊಸಳೆಗಿಂತ ನಿಮ್ಮನ್ನು ನಿಜವಾಗಿ ಕಾಡುವುದು ಮರಳು ನೊಣ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಬೆಳಗ್ಗೆ ಮತ್ತು ಮುಸ್ಸಂಜೆ ಒದ್ದೆ ಮರಳಿನ ಹತ್ತಿರ ಹೆಚ್ಚು. ಕಚ್ಚಿದಾಗ ಗೊತ್ತಾಗದೆ, ಎಷ್ಟೋ ಗಂಟೆಗಳ ಮೇಲೆ ಕೆಂಪು ಗಂಧೆಗಳು ಎದ್ದು ವಿಪರೀತ ತುರಿಸುತ್ತವೆ. ಮಗು ತುರಿಸಿ ತುರಿಸಿ ಗಾಯ ಮಾಡಿಕೊಂಡರೆ ಕೀವಾಗುತ್ತದೆ. ಆದ್ದರಿಂದ ಹೊರಡುವ ಮುನ್ನ ಉಗುರು ಕತ್ತರಿಸಿ, ಬರಿ ಮರಳಿನ ಮೇಲೆ ಕೂರಿಸದೆ ಚಾಪೆ ಹಾಸಿ, ಸಂಜೆ ಉದ್ದ ತೋಳಿನ ಬಟ್ಟೆ ತೊಡಿಸಿ. ಕೀಟ ಓಡಿಸುವ ಮುಲಾಮನ್ನು ಕಿರಿಯವನ ಅಂಗೈಗೆ ಮತ್ತು ಕಣ್ಣು, ಬಾಯಿಯ ಸುತ್ತ ಹಚ್ಚಬಾರದು. ಜೆಲ್ಲಿಫಿಶ್ ಸೋಕಿದರೆ ಉಜ್ಜದೆ, ಸಿಹಿನೀರು ಹಾಕದೆ, ಕಡಲ ನೀರಿನಿಂದಲೇ ತೊಳೆದು ಆಸ್ಪತ್ರೆಗೆ ಹೋಗಿ. ಹ್ಯಾವ್ಲಾಕ್‌ನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರವಿದೆ, ದೊಡ್ಡ ಆಸ್ಪತ್ರೆ ಇರುವುದು ಪೋರ್ಟ್ ಬ್ಲೇರ್‌ನಲ್ಲಿ; ನಡುವೆ ಸಮುದ್ರವಿದೆ ಎಂಬುದನ್ನು ನೆನಪಿಟ್ಟು, ಜ್ವರ ಅಥವಾ ಭೇದಿ ಬಂದರೆ ರಾತ್ರಿಯಾಗುವವರೆಗೆ ಕಾಯದೆ ಹಗಲಿನಲ್ಲೇ ತೋರಿಸಿ.

ಊಟದ ಚಿಂತೆ ಬೇಡ. ತಮಿಳರು, ತೆಲುಗರು, ಬಂಗಾಳಿಗಳು ನೆಲೆಸಿರುವ ದ್ವೀಪಗಳಾದ್ದರಿಂದ ಇಡ್ಲಿ, ದೋಸೆ, ಅನ್ನ, ಬೇಳೆ ಸಿಗುತ್ತವೆ, ಎಳನೀರಿಗೂ ಬರವಿಲ್ಲ. ಕಿರಿಯವನಿಗೆ ಅಭ್ಯಾಸವಿರುವ ರಾಗಿ ಹಿಟ್ಟು, ಹುರಿದ ಅಕ್ಕಿ ಹೆಸರುಬೇಳೆಯ ಪುಡಿ, ಜೊತೆಗೊಂದು ಚಿಕ್ಕ ಎಲೆಕ್ಟ್ರಿಕ್ ಕೆಟಲ್ ಇದ್ದರೆ ಹೊಟ್ಟೆಯ ವಿಷಯದಲ್ಲಿ ನಿಶ್ಚಿಂತೆ. ಓಆರ್‌ಎಸ್ ಪೊಟ್ಟಣಗಳನ್ನು ಇಲ್ಲಿಂದಲೇ ಕೊಂಡೊಯ್ದು, ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಿ. ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಪೆಟ್ಟಿಗೆಯಲ್ಲಿ ಬರುವ ಸಿಹಿ ಪಾನೀಯಗಳು ಅದಕ್ಕೆ ಬದಲಿಯಲ್ಲ.

ಪ್ರಶ್ನೆ: ಶಾಲೆಗೆ ರಜೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಹೋಗಬಹುದೇ? ಏಳು ವರ್ಷದ ಮಗನಿಗೆ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವ ಡೈವಿಂಗ್) ಮಾಡಿಸಬೇಕೆಂಬ ಆಸೆಯಿದೆ. (ಮೈಸೂರಿನ ಓದುಗರು)

ಉತ್ತರ: ಏಪ್ರಿಲ್‌ನಲ್ಲಿ ಹೋಗಿ. ಸೆಕೆ ಹೆಚ್ಚು, ಆದರೆ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಮೇ ನಡುವಿನ ನಂತರ ನೈಋತ್ಯ ಮುಂಗಾರು ಅಂಡಮಾನ್‌ಗೆ ನಮಗಿಂತ ಮೊದಲೇ ಬಂದಿಳಿಯುವುದರಿಂದ ಹಡಗುಗಳ ಓಡಾಟವೇ ಅನಿಶ್ಚಿತವಾಗುತ್ತದೆ. ಸ್ಕೂಬಾ ಬೇಡ, ಕಡಲಿನಲ್ಲಿ ಡೈವಿಂಗ್ ಕಲಿಸುವ ಅಂತರರಾಷ್ಟ್ರೀಯ ಸಂಸ್ಥೆಗಳೂ ಹತ್ತು ವರ್ಷದ ಕನಿಷ್ಠ ಮಿತಿ ಇಟ್ಟಿವೆ, ಕಿವಿಯ ಒತ್ತಡವನ್ನು ಸರಿದೂಗಿಸಿಕೊಳ್ಳುವುದು ಪುಟ್ಟವರಿಗೆ ಕಷ್ಟ. ‘ಏನೂ ಆಗುವುದಿಲ್ಲ, ಕರೆದುಕೊಂಡು ಬನ್ನಿ’ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಗಾಜಿನ ತಳದ ದೋಣಿಯಲ್ಲಿ ಕೂತರೆ ಮಗನಿಗೆ ಹವಳವೂ ಮೀನೂ ಕಾಣುತ್ತವೆ.

ಪ್ರಶ್ನೆ: ನಾಲ್ಕು ತಿಂಗಳ ಹಸುಗೂಸನ್ನು ಕರೆದೊಯ್ಯಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ಮುಂದೂಡುವ ಅವಕಾಶವಿದ್ದರೆ ಮುಂದೂಡಿ. ಆರು ತಿಂಗಳೊಳಗಿನ ಮಗುವಿಗೆ ಸನ್‌ಸ್ಕ್ರೀನ್ ಹಚ್ಚುವ ಬದಲು ನೇರ ಬಿಸಿಲಿನಿಂದಲೇ ದೂರವಿಡಬೇಕು, ಹೀಗಾಗಿ ಮಗುವಿನೊಡನೆ ಒಬ್ಬರು ದಿನದ ಬಹುಪಾಲು ಕೋಣೆಯಲ್ಲೇ ಇರಬೇಕಾಗುತ್ತದೆ. ಹೋಗಲೇಬೇಕಾದರೆ ಮೂರೂವರೆ ತಿಂಗಳ ಲಸಿಕೆಯನ್ನು ಮುಗಿಸಿ, ಸೊಳ್ಳೆಪರದೆ ಒಯ್ದು, ಎದೆಹಾಲನ್ನೇ ಮುಂದುವರಿಸಿ. ಸೆಕೆಯೆಂದು ನೀರು ಕುಡಿಸುವ ಅಗತ್ಯವಿಲ್ಲ; ಹೆಚ್ಚು ಸಲ ಹಾಲೂಡಿಸಿದರೆ ಸಾಕು, ಮತ್ತು ಹಾಲೂಡಿಸುವ ತಾಯಿ ತಾನು ಚೆನ್ನಾಗಿ ನೀರು ಕುಡಿಯಬೇಕು.