ಓದುಗರ ಪ್ರಶ್ನೆ: ಲೈಟು ಹಾಕೋಕೆ ವಿಮಾನದಲ್ಲಿ ಹೋಗಬೇಕಾ?

(ಸಿಂಗಪುರದಲ್ಲಿ ಮನೆ ಮಾಡಿಕೊಂಡು, ಏಷ್ಯಾದ ಬೇರೆ ಬೇರೆ ಊರುಗಳ ಹೋಟೆಲ್, ಮ್ಯೂಸಿಯಂಗಳಿಗೆ ಲೈಟಿಂಗ್ ಡಿಸೈನ್ ಮಾಡುವ ಕನ್ನಡಿಗರೊಬ್ಬರು ಈ ಸಲ ಉತ್ತರಿಸಿದ್ದಾರೆ.)

ಪ್ರಶ್ನೆ: ಡ್ರಾಯಿಂಗ್ ಇದೆ, ಸಾಫ್ಟ್‌ವೇರ್ ಇದೆ, ವಿಡಿಯೋ ಕಾಲ್ ಇದೆ. ಆದರೂ ಊರೂರು ಅಲೆಯೋದು ಯಾಕೆ? ಗಿರಾಕಿ ದುಡ್ಡಲ್ಲಿ ಟೂರ್ ಅಲ್ವಾ? (ಹಾಸನದ ಓದುಗರು)

ಟೂರ್ ಅಂತ ನಮ್ಮ ನೆಂಟರೂ ಅಂದುಕೊಂಡಿದ್ದಾರೆ. ನೋಡಿ, ಲೆಕ್ಕವೆಲ್ಲ ಮೇಜಿನ ಮೇಲೇ ಮುಗಿಯುತ್ತದೆ. ಡಯಲಕ್ಸ್ ಅನ್ನೋ ಸಾಫ್ಟ್‌ವೇರಿನಲ್ಲಿ ಕೋಣೆ ಕಟ್ಟಿ, ಯಾವ ಮೂಲೆಗೆ ಎಷ್ಟು ಲಕ್ಸ್ (ಬೀಳೋ ಬೆಳಕಿನ ಅಳತೆ) ಅಂತ ತೋರಿಸಬಹುದು. ತೊಂದರೆ ಇರೋದು ವಿಡಿಯೋದಲ್ಲಿ. ಫೋನಿನ ಕ್ಯಾಮೆರಾ ಕತ್ತಲನ್ನು ತಾನೇ ಬೆಳಗಿಸುತ್ತದೆ, ಬಣ್ಣವನ್ನು ತಾನೇ ತಿದ್ದುತ್ತದೆ. ಫೋನಿನಲ್ಲಿ ಚೆಂದ ಕಂಡ ಲಾಬಿಯಲ್ಲಿ ಹೋಗಿ ನಿಂತರೆ ಸೋಫಾದಲ್ಲಿ ಕೂತವರ ಕಣ್ಣಿಗೇ ಲೈಟು ಚುಚ್ಚುತ್ತಿರುತ್ತದೆ.

ಅದಕ್ಕೇ ಕೊನೆಯ ಏಮಿಂಗ್‌ಗೆ ಹೋಗಲೇಬೇಕು. ಒಂದೊಂದೇ ಲೈಟನ್ನು ತಿರುಗಿಸಿ, ಬಾಗಿಸಿ, ಬೆಳಕು ಎಲ್ಲಿ ಬೀಳಬೇಕೋ ಅಲ್ಲಿಗೆ ನಿಲ್ಲಿಸಿ ಬಿಗಿ ಮಾಡಿಸೋ ಕೆಲಸ ಅದು. ಕತ್ತಲಾಗದೆ ಶುರು ಮಾಡೋ ಹಾಗಿಲ್ಲ. ಸಿಂಗಪುರದಲ್ಲಿ ವರ್ಷವಿಡೀ ಸಂಜೆ 7ರ ಆಸುಪಾಸು ಸೂರ್ಯ ಮುಳುಗುತ್ತಾನೆ, ಜಕಾರ್ತಾದಲ್ಲಿ 6ರ ಆಸುಪಾಸು. ಟೋಕಿಯೋದಲ್ಲಿ ಡಿಸೆಂಬರ್ ಆದರೆ ನಾಲ್ಕೂವರೆಗೇ ಮುಗೀತು, ಜೂನ್ ಆದರೆ 7ರ ತನಕ ಕಾಯಬೇಕು. ಏಣಿ ಮೇಲೆ ಒಬ್ಬ ಹುಡುಗ, ಕೆಳಗೆ ಲೇಸರ್ ಪಾಯಿಂಟರ್ ಹಿಡಿದು ನಾನು. ಇಂಡೋನೇಷ್ಯಾದಲ್ಲಿ ‘ಕಿರಿ’ ಅಂದರೆ ಎಡಕ್ಕೆ, ‘ಕಾನನ್’ ಅಂದರೆ ಬಲಕ್ಕೆ. ಇಂಥ ನಾಲ್ಕು ಮಾತು ಗೊತ್ತಿದ್ದರೆ ರಾತ್ರಿ ಕಳೆಯುತ್ತದೆ. ಅಷ್ಟರಲ್ಲಿ ಪ್ಲಂಬರ್ ಬಂದು ಅದೇ ಜಾಗದಲ್ಲಿ ನನಗೂ ಕೆಲಸ ಇದೆ ಅಂತಾನೆ, ಅದು ಬೇರೆ ಕಥೆ. ಮುಗಿಸಿ ರೂಮಿಗೆ ಬರುವಾಗ ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಟೂರ್ ಎಲ್ಲಿಂದ ಬಂತು?

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಕನ್ಸಲ್ಟೆಂಟ್ ಬರೆದ ದುಬಾರಿ ಲೈಟಿನ ಬದಲು ಅಷ್ಟೇ ವ್ಯಾಟಿನ ಅಗ್ಗದ್ದು ಹಾಕಿದರೆ ಗಂಟೇನು ಹೋಗುತ್ತದೆ? (ಬೆಳಗಾವಿ)

ಈ ಪ್ರಶ್ನೆಯನ್ನು ಎಲ್ಲ ದೇಶದಲ್ಲೂ ಕೇಳಿದ್ದೇನೆ ಸರ್. ನೇರವಾಗಿ ಹೇಳ್ತೀನಿ: ವ್ಯಾಟ್ ಹೇಳೋದು ಕರೆಂಟ್ ಎಷ್ಟು ತಿನ್ನುತ್ತದೆ ಅನ್ನೋದನ್ನು ಮಾತ್ರ. ಎರಡು ಪೆಟ್ಟಿಗೆ ಮೇಲೂ 3000 ಕೆಲ್ವಿನ್ (ಬೆಳಕು ಎಷ್ಟು ಹಳದಿ, ಎಷ್ಟು ಬಿಳಿ ಅನ್ನೋ ಅಳತೆ) ಅಂತಲೇ ಬರೆದಿರುತ್ತದೆ, ಹಚ್ಚಿ ನೋಡಿದರೆ ಒಂದು ಚೂರು ಹಸಿರಿಗೆ ವಾಲುತ್ತದೆ, ಇನ್ನೊಂದು ಗುಲಾಬಿಗೆ. ಒಂಟಿಯಾಗಿ ಇಟ್ಟರೆ ಯಾರಿಗೂ ಗೊತ್ತಾಗಲ್ಲ. ಉದ್ದದ ಕಾರಿಡಾರಿನಲ್ಲಿ ಬೇರೆ ಬೇರೆ ಸಲ ತಯಾರಾದ ಎರಡು ಲಾಟಿನ ಲೈಟು ಸಾಲಾಗಿ ಹಾಕಿ ನೋಡಿ, ಬಿಳಿ ಗೋಡೆಯನ್ನು ಇಬ್ಬರು ಬೇರೆ ಬೇರೆ ಪೇಂಟರ್ ಬಳಿದ ಹಾಗಿರುತ್ತದೆ. ಸಿಆರ್‌ಐ ಅಂದರೆ ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನೋ ಅಂಕ, ಅದು 90ರ ಬದಲು 80ರದ್ದು ಹಾಕಿದರೆ ಕೆಂಪು ಬಣ್ಣ ಸಾಯುತ್ತದೆ. ಮರ ಮಂಕು, ಮುಖ ಮಂಕು, ತಟ್ಟೆಯಲ್ಲಿರೋ ಊಟವೂ ಮಂಕು. ಇನ್ನು ಅಗ್ಗದ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡೋ ಡಬ್ಬಿ) ಫುಲ್ ಬೆಳಕಿನಲ್ಲಿ ಸುಮ್ನೆ ಇರುತ್ತದೆ, ಡಿಮ್ ಮಾಡಿದ ಕೂಡಲೇ ಮಿಣುಕೋಕೆ ಶುರು.

ಅಗ್ಗದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸ್ಯಾಂಪಲ್ ತನ್ನಿ, ಎರಡನ್ನೂ ಪಕ್ಕಪಕ್ಕ ಇಟ್ಟು ಡಿಮ್ ಮಾಡಿ ನೋಡೋಣ. ಪಾಸಾದರೆ ನಾನೇ ಸಹಿ ಹಾಕ್ತೀನಿ. ನಮ್ಮ ಫೀಸು ಡಿಸೈನಿಗೆ, ಲೈಟು ಮಾರಿ ಕಮಿಷನ್ ತಗೊಳ್ಳೋದಿಲ್ಲ. ಯಾರಾದರೂ ‘ಡಿಸೈನ್ ಫ್ರೀ’ ಅಂದರೆ ಆ ದುಡ್ಡು ಬಿಲ್ಲಿನಲ್ಲಿ ಎಲ್ಲೋ ಸೇರಿರುತ್ತದೆ, ನಿಮಗೆ ಗೊತ್ತಿಲ್ಲದ್ದೇನಲ್ಲ.

ಪ್ರಶ್ನೆ: ನೀವುಗಳು ಯಾವಾಗಲೂ ಬೆಳಕು ಕಮ್ಮಿ ಮಾಡಿ ಅಂತೀರಿ. ನಮ್ಮ ಅರಮನೆಗೆ ಲಕ್ಷ ಬಲ್ಬು ಹಾಕಿಲ್ವಾ? (ಮೈಸೂರು)

ಹಾಕಿದ್ದಾರೆ, ಚೆನ್ನಾಗೂ ಇದೆ. ಆದರೆ ಆ ಬಲ್ಬುಗಳು ಕಮಾನು, ಗೋಪುರಗಳ ಅಂಚನ್ನು ಗೆರೆ ಬರೆದ ಹಾಗೆ ತೋರಿಸುತ್ತವೆ. ಅದೇ ಗೋಡೆಗೆ ನಾಲ್ಕು ದಿಕ್ಕಿನಿಂದ ಫ್ಲಡ್‌ಲೈಟ್ ಹೊಡೆದಿದ್ದರೆ? ಜೊತೆಗೆ ಅದು ಭಾನುವಾರ, ರಜಾ ದಿನ, ದಸರಾದಲ್ಲಿ ಸ್ವಲ್ಪ ಹೊತ್ತು ಮಾತ್ರ. ಹಾಂಗ್‌ಕಾಂಗ್ ಬಂದರಿನಲ್ಲೂ 2004ರಿಂದ ರಾತ್ರಿ 8ಕ್ಕೆ ಕಟ್ಟಡಗಳ ಲೈಟ್ ಶೋ ನಡೆಯುತ್ತದೆ, ಅದೂ ಸ್ವಲ್ಪ ಹೊತ್ತೇ. ಮ್ಯೂಸಿಯಂ ಒಳಗಿನ ಮಾತು ಬೇರೆ: ಹಳೇ ಕಾಗದ, ರೇಷ್ಮೆ ಇಟ್ಟಲ್ಲಿ ಸಾಮಾನ್ಯವಾಗಿ 50 ಲಕ್ಸ್ ದಾಟಿಸೋದಿಲ್ಲ, ಜಾಸ್ತಿ ಆದರೆ ಬಣ್ಣ ಹೋಗುತ್ತದೆ.

ನಮ್ಮವರಿಗೆ ಬೆಳ್ಳನೆ ಬೆಳಕಿನ ಮೋಹ ಯಾಕೆ ಅಂತ ನನಗೆ ಗೊತ್ತು. ಟ್ಯೂಬ್‌ಲೈಟ್ ಕಾಲದವರಿಗೆ ಹಳದಿ ಬೆಳಕು ಕಂಡರೆ ವೋಲ್ಟೇಜ್ ಬಿತ್ತು ಅಂತಲೇ ಅನಿಸೋದು!

ಪ್ರಶ್ನೆ: ಮಗಳು ಆರ್ಕಿಟೆಕ್ಚರ್ ಮುಗಿಸಿ ಇದೇ ಕೆಲಸಕ್ಕೆ ಹೋಗ್ತೀನಿ ಅಂತಾಳೆ. ರಾತ್ರಿ ಕೆಲಸ, ಹೊರದೇಶ. ಕಳಿಸಬಹುದಾ? (ಶಿವಮೊಗ್ಗದ ತಾಯಿ)

ಕಳಿಸಿ ಅಮ್ಮಾ. ಜಪಾನಿನ ಲೈಟಿಂಗ್ ಡಿಸೈನರ್ ಮೊಟೊಕೊ ಇಶಿಯವರ ಹೆಸರು ಅವಳಿಗೆ ಗೊತ್ತಿರುತ್ತದೆ, ಟೋಕಿಯೋ ಟವರ್‌ಗೆ 1989ರಲ್ಲಿ ಬಂದ ಬೆಳಕು ಅವರದ್ದೇ ಡಿಸೈನ್. ಹೆಂಗಸರು ಈ ಕೆಲಸದಲ್ಲಿ ಹೊಸಬರೇನಲ್ಲ. ಮೊದಲ ಕೆಲವು ವರ್ಷ ಓಡಾಟ ಕಮ್ಮಿ, ಡ್ರಾಯಿಂಗ್ ತಿದ್ದೋದೇ ಜಾಸ್ತಿ. ಬೇಜಾರಾಗುತ್ತದೆ, ಆಗಲಿ.

ನಿಮ್ಮ ಭಯ ಸುಳ್ಳಲ್ಲ. ಇಂಟರ್‌ವ್ಯೂನಲ್ಲಿ ಅವಳು ಸಂಬಳಕ್ಕಿಂತ ಮೊದಲು ಇವನ್ನು ಕೇಳಲಿ: ರಾತ್ರಿ ಸೈಟಿಗೆ ಒಬ್ಬಳನ್ನೇ ಕಳಿಸುತ್ತೀರಾ, ವಾಪಸ್ ಬರೋಕೆ ಗಾಡಿ ಯಾರು ಕೊಡುತ್ತಾರೆ, ಮಾರನೇ ದಿನ ರಜಾ ಇದೆಯಾ, ವೀಸಾ ಯಾವುದು. ಮೀಟಿಂಗ್‌ಗೆ ಅಂತ ಹೇಳಿ ಟೂರಿಸ್ಟ್ ವೀಸಾದಲ್ಲಿ ಸೈಟಿಗೆ ಇಳಿಸೋ ಆಫೀಸಾದರೆ ಬೇಡ ಅನ್ನಿ. ಸಿಕ್ಕಿಬಿದ್ದರೆ ವಾಪಸ್ ಕಳಿಸೋದು ಅವಳನ್ನು, ಆಫೀಸನ್ನಲ್ಲ.