ವಸಡಿನ ರೋಗ ಮತ್ತು ಇಂಪ್ಲಾಂಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಿಡಿಎಸ್ ಮುಗಿಸಿ ತಾಲ್ಲೂಕು ಕೇಂದ್ರವೊಂದರಲ್ಲಿ ಕ್ಲಿನಿಕ್ ನಡೆಸುತ್ತಿದ್ದೇನೆ. ವಾರಾಂತ್ಯದ ಇಂಪ್ಲಾಂಟ್ ತರಬೇತಿಗಳ ಜಾಹೀರಾತು ಮೊಬೈಲಿಗೆ ಬರುತ್ತಲೇ ಇರುತ್ತದೆ. ಎಂಡಿಎಸ್ (ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ) ಮಾಡಲು ಮೂರು ವರ್ಷ ಕ್ಲಿನಿಕ್ ಮುಚ್ಚುವಂತಿಲ್ಲ. ಎಂಥ ತರಬೇತಿಯನ್ನು ಆರಿಸಿಕೊಳ್ಳಲಿ?
– ದಂತ ವೈದ್ಯೆ, ಹಾವೇರಿ ಜಿಲ್ಲೆ

ಉತ್ತರ: ಇಂಪ್ಲಾಂಟ್ (ಬಿದ್ದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೆ ಸೇರಿಸುವ ಕೃತಕ ಬೇರು) ಕೂರಿಸುವುದನ್ನು ಕಲಿಯುವ ಮೊದಲು ವಸಡಿನ ಚಿಕಿತ್ಸೆಯನ್ನು ಹೊಸದಾಗಿ ಕಲಿಯಿರಿ ಎಂಬುದು ನನ್ನ ಸಲಹೆ. ನಿಮ್ಮಲ್ಲಿಗೆ ಬರುವ ಮಧ್ಯವಯಸ್ಸಿನ ರೋಗಿಗಳಲ್ಲಿ ಅನೇಕರು ಹಲ್ಲು ಕಳೆದುಕೊಂಡಿರುವುದು ವಸಡಿನ ರೋಗದಿಂದಲೇ. ಆ ರೋಗವನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಟೈಟಾನಿಯಂ ತಿರುಪು ಕೂರಿಸಿದರೆ ಅದೇ ಸೋಂಕು ಅದರ ಸುತ್ತಲೂ ಬೇರೂರುತ್ತದೆ.

ನೀವು ಓದಿದ ಪಠ್ಯಪುಸ್ತಕದ ನಂತರ ಈ ಕ್ಷೇತ್ರ ಬದಲಾಗಿರುವ ಸಾಧ್ಯತೆ ಹೆಚ್ಚು. ಅಮೆರಿಕ ಮತ್ತು ಯುರೋಪಿನ ವಸಡು ತಜ್ಞರ ಸಂಘಗಳು 2017ರಲ್ಲಿ ಒಟ್ಟಾಗಿ ರೂಪಿಸಿ 2018ರಲ್ಲಿ ಪ್ರಕಟಿಸಿದ ವರ್ಗೀಕರಣವು ರೋಗದ ತೀವ್ರತೆಯನ್ನು ನಾಲ್ಕು ಹಂತಗಳಲ್ಲಿಯೂ ಅದು ಮುಂದುವರಿಯುವ ವೇಗವನ್ನು ಮೂರು ದರ್ಜೆಗಳಲ್ಲಿಯೂ ಗುರುತಿಸುತ್ತದೆ. ದರ್ಜೆಯನ್ನು ನಿರ್ಧರಿಸುವಾಗ ಧೂಮಪಾನ ಮತ್ತು ಮಧುಮೇಹಗಳೂ ಲೆಕ್ಕಕ್ಕೆ ಬರುತ್ತವೆ. ಇಂಪ್ಲಾಂಟ್ ಸುತ್ತಲಿನ ಕಾಯಿಲೆಗಳಿಗೆ ಪ್ರತ್ಯೇಕ ವ್ಯಾಖ್ಯೆ ದೊರೆತಿದ್ದೂ ಅದರಲ್ಲಿಯೇ. ಆ ಬಳಿಕ ಯುರೋಪಿನ ಸಂಘವು 2020ರಲ್ಲಿ ವಸಡಿನ ರೋಗಕ್ಕೂ 2023ರಲ್ಲಿ ಇಂಪ್ಲಾಂಟ್ ಸುತ್ತಲಿನ ರೋಗಕ್ಕೂ ಹಂತಹಂತವಾದ ಚಿಕಿತ್ಸಾ ಮಾರ್ಗಸೂಚಿಗಳನ್ನು ಹೊರತಂದಿದೆ. ಇವನ್ನು ರೋಗಿಯ ಎಕ್ಸ್-ರೇ ಮುಂದಿಟ್ಟುಕೊಂಡು ಕಲಿಸುವ ತರಬೇತಿಯಿದ್ದರೆ ಅದನ್ನೇ ಮೊದಲು ಆರಿಸಿ.

ವಸಡಿನ ಸಂದಿನ ಆಳ ಅಳೆಯುವ ಸಣ್ಣ ಕಡ್ಡಿಯಾದ ಪ್ರೋಬ್ ಹಿಡಿಯುವ ಅಭ್ಯಾಸವೂ ಬೇಕು. ಡಬ್ಲ್ಯೂಎಚ್‌ಒ ಪ್ರೋಬಿನ ತುದಿಯಲ್ಲಿ ಅರ್ಧ ಮಿಲಿಮೀಟರಿನ ಗುಂಡು, 3.5ರಿಂದ 5.5 ಮಿಲಿಮೀಟರ್ ನಡುವೆ ಒಂದು ಕಪ್ಪು ಪಟ್ಟಿ ಇರುತ್ತದೆ. ಸುಮಾರು 20ರಿಂದ 25 ಗ್ರಾಂ ಒತ್ತಡದಲ್ಲಿ ಅದನ್ನು ವಸಡಿನ ಅಂಚಿನೊಳಗೆ ನಡೆಸಿದಾಗ ಆ ಪಟ್ಟಿ ಎಷ್ಟು ಮುಳುಗಿತು, ಕೆಲವು ಕ್ಷಣ ಕಾದ ಮೇಲೆ ರಕ್ತ ಜಿನುಗಿತೇ ಎಂಬುದನ್ನು ನೋಡಬೇಕು. ಇದು ಮೊದಲ ತಪಾಸಣೆಗೆ ಸಾಕು. ರೋಗ ಕಂಡರೆ ಮಿಲಿಮೀಟರ್ ಗುರುತುಗಳುಳ್ಳ ಪ್ರೋಬಿನಿಂದ ಪ್ರತಿ ಹಲ್ಲಿಗೂ ಆರು ಕಡೆ ಅಳೆದು ಬರೆದಿಡಬೇಕು. ಬೇಸರದ ಕೆಲಸ ನಿಜ, ಇದಕ್ಕೆ ಜಾಹೀರಾತು ಕೊಡುವವರು ಯಾರೂ ಇಲ್ಲ.

ಇಂಪ್ಲಾಂಟ್ ತರಬೇತಿಗೆ ಸೇರುವಾಗ ಆಯೋಜಕರನ್ನು ಕೆಲವು ವಿಷಯ ಕೇಳಿ. ಪ್ಲಾಸ್ಟಿಕ್ ದವಡೆಯ ಮೇಲಷ್ಟೇ ಅಭ್ಯಾಸವೋ, ಅನುಭವಿಗಳ ಕಣ್ಣೆದುರು ರೋಗಿಗಳಿಗೆ ನೀವೇ ಚಿಕಿತ್ಸೆ ಕೊಡುತ್ತೀರೋ? ಆ ರೋಗಿಗಳನ್ನು ಒಂದು ವರ್ಷದ ನಂತರ ಮತ್ತೆ ನೋಡುವ ವ್ಯವಸ್ಥೆ ಇದೆಯೇ? ಯಾರಿಗೆ ಇಂಪ್ಲಾಂಟ್ ಬೇಡ ಎಂಬ ವಿಷಯಕ್ಕೆ ಎಷ್ಟು ಸಮಯ ಮೀಸಲಿದೆ? ಪಾಠ ಒಂದೇ ಕಂಪನಿಯ ಕಿಟ್‌ ಸುತ್ತಲೇ ತಿರುಗುತ್ತಿದ್ದರೆ ಅದು ಮಾರಾಟದ ಭಾಗವೆಂದೇ ತಿಳಿಯಬಹುದು. ಸಿಡಿಇ (ದಂತ ವೈದ್ಯರ ಮುಂದುವರಿಕೆ ಶಿಕ್ಷಣ) ಅಂಕಗಳು ನೀವು ಹಾಜರಿದ್ದಿರಿ ಎಂಬುದಕ್ಕೆ ಸಾಕ್ಷಿಯೇ ಹೊರತು ಕೈ ಪಳಗಿದೆ ಎಂಬುದಕ್ಕಲ್ಲ. ಮೂಳೆ ಕಸಿ, ಸೈನಸ್ (ಮೇಲ್ದವಡೆಯ ಮೇಲಿರುವ ಗಾಳಿಯ ಕುಳಿ) ಎತ್ತುವ ಶಸ್ತ್ರಚಿಕಿತ್ಸೆ ಮುಂತಾದವನ್ನು ಆರಂಭದಲ್ಲಿ ತಜ್ಞರಿಗೇ ಕಳುಹಿಸಿ, ಸಾಧ್ಯವಾದರೆ ಅವರ ಪಕ್ಕದಲ್ಲಿ ನಿಂತು ನೋಡಿ.

ಪ್ರಶ್ನೆ: ನನಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ, ಗುಟ್ಕಾ ಅಭ್ಯಾಸವೂ ಇದೆ. ಮೂರು ದವಡೆ ಹಲ್ಲುಗಳು ಸಡಿಲವಾಗಿ ಬಿದ್ದಿವೆ. ಇಂಪ್ಲಾಂಟ್ ಲೋಹದ್ದಾದ್ದರಿಂದ ಅದಕ್ಕೆ ಯಾವ ರೋಗವೂ ಬರುವುದಿಲ್ಲವೆಂದು ಸ್ನೇಹಿತರು ಹೇಳುತ್ತಾರೆ. ನಿಜವೇ?
– ಓದುಗರು, ಚಿತ್ರದುರ್ಗ

ಉತ್ತರ: ಅದಕ್ಕೆ ಹುಳುಕು ಹಿಡಿಯುವುದಿಲ್ಲ ಎಂಬಷ್ಟು ಮಾತ್ರ ನಿಜ. ಸಹಜ ಹಲ್ಲಿನ ಬೇರಿಗೆ ವಸಡಿನ ನಾರುಗಳು ಅಡ್ಡಡ್ಡಲಾಗಿ ನಾಟಿಕೊಂಡಿರುತ್ತವೆ. ಟೈಟಾನಿಯಂ ಪಕ್ಕದಲ್ಲಿ ಅವು ಹೀಗೆ ನಾಟಿಕೊಳ್ಳದೆ ಹೆಚ್ಚಾಗಿ ಉದ್ದಕ್ಕೆ ಸಾಗುತ್ತವೆ. ಆದ್ದರಿಂದ ಅಲ್ಲಿ ಉರಿಯೂತ ಆರಂಭವಾದರೆ ಮೂಳೆಯನ್ನು ಬೇಗ ತಲುಪಬಲ್ಲದು. ಹಿಂದೆ ವಸಡಿನ ರೋಗದಿಂದ ಹಲ್ಲು ಕಳೆದುಕೊಂಡವರಿಗೆ, ನಿಯಮಿತ ತಪಾಸಣೆಗೆ ಬಾರದವರಿಗೆ ಈ ಅಪಾಯ ಹೆಚ್ಚು. ಹಾಗೆಂದು ಹೆದರಬೇಕಿಲ್ಲ. 1965ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಇಂಪ್ಲಾಂಟ್ ಕೂರಿಸಿದ ಮೊದಲ ರೋಗಿಗೆ ಅವು ನಾಲ್ಕು ದಶಕಗಳ ಕಾಲ ಉಪಯೋಗಕ್ಕೆ ಬಂದವು.

ಈಗ ನಿಮಗೆ ಅವಸರ ಬೇಡ. ಉಳಿದ ಹಲ್ಲುಗಳ ಬೇರಿನವರೆಗೆ ಗಾರೆ (ಹಲ್ಲಿಗೆ ಗಟ್ಟಿಯಾಗಿ ಅಂಟಿದ ಕೊಳೆ) ತೆಗೆಸಿ, ಸುಮಾರು ಮೂರು ತಿಂಗಳ ನಂತರ ಮತ್ತೆ ಅಳತೆ ಮಾಡಿಸಿ. ಆ ಅವಧಿಯಲ್ಲಿ ಗುಟ್ಕಾ ಬಿಡಲೇಬೇಕು. ಎಚ್‌ಬಿಎ1ಸಿ ಪರೀಕ್ಷೆ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ ಸಕ್ಕರೆಯನ್ನು ಹತೋಟಿಗೆ ತಂದುಕೊಳ್ಳಬೇಕು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡಿನ ಸೋಂಕು ಉಳಿದರೆ ಸಕ್ಕರೆಯ ಹತೋಟಿಯೂ ಕಷ್ಟವಾಗುತ್ತದೆ. ಗಾರೆ ತೆಗೆಸಿದರೆ ಹಲ್ಲು ಅಲ್ಲಾಡುತ್ತದೆ ಎಂಬ ಮಾತನ್ನು ನಂಬಬೇಡಿ. ಗಾರೆ ತುಂಬಿದ್ದ ಸಂದು ತೆರೆದುಕೊಂಡು ಊತ ಇಳಿದಾಗ ಹಾಗೆ ಅನಿಸುತ್ತದೆ, ಅಷ್ಟೇ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಹಾಕಿಸಿದ ಇಂಪ್ಲಾಂಟ್ ಸುತ್ತ ಬ್ರಷ್ ಮಾಡುವಾಗ ರಕ್ತ ಬರುತ್ತದೆ, ನೋವಿಲ್ಲ. ನಿರ್ಲಕ್ಷಿಸಬಹುದೇ?
– ಓದುಗರು, ಉಡುಪಿ

ಉತ್ತರ: ನಿರ್ಲಕ್ಷಿಸಬೇಡಿ, ಈ ರೋಗ ಬಹಳ ಸಲ ನೋವಿಲ್ಲದೆಯೇ ಬೆಳೆಯುತ್ತದೆ. ಇಂಪ್ಲಾಂಟ್ ಮೇಲೆ ಕ್ಯಾಪ್ (ಕೃತಕ ಹಲ್ಲು) ಕೂರಿಸಿದಾಗ ತೆಗೆದ ಎಕ್ಸ್-ರೇ ಇದ್ದರೆ ಜೊತೆಗೊಯ್ಯಿರಿ. ಅಂದಿಗೂ ಇಂದಿಗೂ ಹೋಲಿಸಿದಾಗ ಮೂಳೆ ಕರಗಿಲ್ಲದಿದ್ದರೆ ಸರಿಯಾದ ಶುಚಿಗೊಳಿಸುವಿಕೆಯಿಂದಲೇ ಊತ ಇಳಿಯುವ ಸಾಧ್ಯತೆ ಹೆಚ್ಚು. ಹಳೆಯ ಎಕ್ಸ್-ರೇ ಇಲ್ಲದಿದ್ದರೆ, ರಕ್ತ ಬರುವುದರ ಜೊತೆಗೆ ವಸಡಿನ ಸಂದಿನಲ್ಲಿ 6 ಮಿಲಿಮೀಟರ್ ಅಥವಾ ಹೆಚ್ಚಿನ ಆಳವೂ 3 ಮಿಲಿಮೀಟರ್ ಅಥವಾ ಹೆಚ್ಚಿನ ಮೂಳೆ ಇಳಿತವೂ ಕಂಡಾಗ ರೋಗ ಮುಂದುವರಿದಿದೆ ಎಂದು ಪರಿಗಣಿಸುತ್ತಾರೆ. ಆಗ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕ್ಯಾಪ್ ಅಂಟಿಸಿದಾಗ ವಸಡಿನೊಳಗೆ ಉಳಿದ ಸಿಮೆಂಟೂ ಇದಕ್ಕೆ ಕಾರಣವಾಗಬಲ್ಲದು, ಅದನ್ನು ಪರೀಕ್ಷಿಸುವಂತೆ ಕೇಳಿ. ಔಷಧಿ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗಬೇಡಿ. ಇಂಪ್ಲಾಂಟಿನ ಕಂಪನಿ ಮತ್ತು ಅಳತೆಯ ವಿವರವಿರುವ ಕಾರ್ಡನ್ನು ಮೊದಲಿನ ಕ್ಲಿನಿಕ್‌ನಿಂದ ಪಡೆದುಕೊಳ್ಳಿ. ಕಂಪನಿಗೊಂದು ಬಗೆಯ ಸ್ಕ್ರೂಡ್ರೈವರ್ ಇರುವುದರಿಂದ ಕ್ಯಾಪ್ ಬಿಚ್ಚಬೇಕಾದ ವೈದ್ಯರು ಮೊದಲು ಕೇಳುವುದು ಅದನ್ನೇ.