ತೂಕ ಮಗಳದು, ಶುಗರ್ ಅಪ್ಪನಿಗೆ

ಆ ಮನೆಯವರು ಒಪ್ಪಿದ ಮೇಲೆ ಈ ಪ್ರಕರಣ ಬರೆಯುತ್ತಿದ್ದೇನೆ. ಹೆಸರು, ಕೆಲಸ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಗದಗಿನ ಮನೆತನ. ಅಪ್ಪನದು ಕಿರಾಣಿ ಅಂಗಡಿ. ಮಗಳು ಶ್ವೇತಾಗೆ 26 ವರ್ಷ, ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಾಳೆ, ದಿನಾ ರೈಲಿನಲ್ಲಿ ಓಡಾಟ. ಮದುವೆ ಗೊತ್ತಾಗಿತ್ತು. ಅವ್ವ ಅವಳನ್ನು ಸಲಹೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದು ಕೂತವರೇ ವಿಷಯಕ್ಕೆ ಬಂದರು.

"ಮೇಡಂ, ಮದುವಿಗೆ ಐದ ತಿಂಗಳ ಐತ್ರಿ. ಅಷ್ಟರಾಗ ಹದಿನೈದ ಕೆಜಿ ಇಳೀಬೇಕು. ವಾರಕ್ಕೊಮ್ಮಿ ಚುಚ್ಚೋ ಇಂಜೆಕ್ಷನ್ ಬಂದಾವಂತಲ್ರಿ, ಅದಕ್ಕ ಈಕಿ ಒಲ್ಲೆ ಅಂತಾಳ. ನೀವರ ಒಂದೀಟ ಬುದ್ಧಿ ಹೇಳ್ರಿ."

ಶ್ವೇತಾ ಕೈಚೀಲವನ್ನು ಹೊಟ್ಟೆಗೆ ಅವಚಿಕೊಂಡು ಕೂತಿದ್ದಳು. ಅವ್ವ ಮಾತಾಡಿದಷ್ಟು ಹೊತ್ತೂ ಆ ಚೀಲ ಕೆಳಗಿಳಿಯಲಿಲ್ಲ. ನೀರಿನ ಲೋಟ ಕೊಟ್ಟಾಗಲೂ ಒಂದೇ ಕೈಯಲ್ಲಿ ತೆಗೆದುಕೊಂಡಳು.

ಅವ್ವನನ್ನು ಹೊರಗೆ ಕೂಡಿಸಿ ಮಾತಾಡಿದ ಮೇಲೆ ಒಂದೊಂದೇ ಹೊರಬಂತು. ಒಂಬತ್ತನೇ ಕ್ಲಾಸಿನಿಂದಲೂ ಮನೆಯಲ್ಲಿ ಇದೇ ಮಾತು. ಸೋದರತ್ತೆ ಹಬ್ಬಕ್ಕೆ ಬಂದರೆ ಮೊದಲು ನೋಡುವುದು ಅವಳ ತಟ್ಟೆ. ಹೋದ ವರ್ಷ ಯಾರೋ ಹೇಳಿದರೆಂದು ಪೌಡರ್ ಕಲಸಿ ಕುಡಿದು, ದಿನಕ್ಕೆ ಒಂದೇ ಹೊತ್ತು ಉಂಡು ಒಂಬತ್ತು ಕೆಜಿ ಇಳಿಸಿದ್ದಳು. ಬಿಟ್ಟ ಮೇಲೆ ಹನ್ನೊಂದು ಕೆಜಿ ಏರಿತು. ಈಗ ಬೆಳಿಗ್ಗೆ ಬರೀ ಚಹಾ, ಮಧ್ಯಾಹ್ನ ಆಫೀಸಿನಲ್ಲಿ ನಾಲ್ಕು ಬಿಸ್ಕೀಟು, ರಾತ್ರಿ ಎಲ್ಲರೆದುರು ಒಂದೇ ರೊಟ್ಟಿ. ಮನೆ ಮಲಗಿದ ಮೇಲೆ ಅಡುಗೆಮನೆಗೆ ಹೋಗುತ್ತಾಳೆ. ಲೈಟ್ ಹಾಕುವುದಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳ ಸಪ್ಪಳ ಮಾಡಬಾರದೆಂದು ಸೆರಗಿನಿಂದ ಹಿಡಿದು ತೆಗೆಯುತ್ತಾಳೆ. ಶೇಂಗಾ ಹೋಳಿಗೆ, ಚಕ್ಕಲಿ, ಏನಿದ್ದರೆ ಅದು, ನಿಂತುಕೊಂಡೇ. "ರುಚಿ ಗೊತ್ತಾಗೂದಿಲ್ರಿ ಮೇಡಂ. ಮುಗದ ಮ್ಯಾಲೆ ಅಳು ಬರ್ತೈತಿ."

ಎರಡು ವಾರ ಒಂದು ಸಣ್ಣ ವಹಿಯಲ್ಲಿ ಎರಡೇ ಸಂಗತಿ ಬರೆಯಲು ಹೇಳಿದೆ: ಇವತ್ತು ಮೈ ಬಗ್ಗೆ ಯಾರಾದರೂ ಏನಾದರೂ ಅಂದರಾ? ರಾತ್ರಿ ಡಬ್ಬಿ ತೆಗೆದೆಯಾ? ತೂಕ ಬರೆಯಬೇಡ, ಏನು ಉಂಡೆ ಅಂತಲೂ ಬೇಡ. ವಹಿ ತಂದಾಗ ಇಬ್ಬರೂ ಕೂತು ನೋಡಿದೆವು. ಮಾತು ಬಿದ್ದ ದಿನಗಳೇ ಹೆಚ್ಚುಕಡಿಮೆ ಡಬ್ಬಿ ತೆಗೆದ ದಿನಗಳು. ಅವಳ ಒಪ್ಪಿಗೆ ಪಡೆದು ಆ ಪುಟ ಅವ್ವನಿಗೂ ತೋರಿಸಿದೆ. "ಹೇಳಿದ್ರ ನಾಚಿಕಿ ಬಂದು ತಿನ್ನೂದು ಬಿಡ್ತಾಳ ಅಂತ ಹೇಳ್ತಿದ್ದೆರಿ," ಅಂದರು ಅವರು. ಆ ಹೆಂಗಸು ಕೆಟ್ಟವರಲ್ಲ. ಇದೇ ಮಾತು ಕೇಳಿಕೊಂಡೇ ಅವರೂ ಬೆಳೆದವರು.

ಅವ್ವನ ಆ ನಂಬಿಕೆ ಬಹಳ ಮನೆಗಳಲ್ಲಿದೆ. ಅದು ತಪ್ಪು ಎಂದು ಇಲ್ಲಿ ಗಟ್ಟಿಯಾಗಿಯೇ ಹೇಳಬೇಕು. ಅಮೆರಿಕದಲ್ಲಿ 6,000ಕ್ಕೂ ಹೆಚ್ಚು ಜನರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಬಂತು. ಶುರುವಿನಲ್ಲಿ ಬೊಜ್ಜು ಇಲ್ಲದವರಲ್ಲೂ, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರು ಮುಂದೆ ಬೊಜ್ಜಿಗೆ ತಿರುಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಇತ್ತು. ನಾಚಿಕೆಯಿಂದ ಯಾರೂ ತೆಳ್ಳಗಾಗುವುದಿಲ್ಲ, ಕದ್ದು ತಿನ್ನುವುದನ್ನು ಕಲಿಯುತ್ತಾರೆ ಅಷ್ಟೇ.

ಇಳಿದ ತೂಕ ವಾಪಸ್ ಬಂದದ್ದಕ್ಕೂ ಶ್ವೇತಾ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಅವಳಿಗೆ ಇನ್ನೊಂದು ಅಧ್ಯಯನದ ಕಥೆ ಹೇಳಿದೆ. ಅಮೆರಿಕದ ಒಂದು ಟಿವಿ ಸ್ಪರ್ಧೆಯಲ್ಲಿ ಭಾರಿ ತೂಕ ಇಳಿಸಿದ 14 ಜನರನ್ನು ಆರು ವರ್ಷದ ಮೇಲೆ ಮತ್ತೆ ಪರೀಕ್ಷಿಸಿ, 2016ರಲ್ಲಿ ವರದಿ ಕೊಟ್ಟರು. ಇಳಿದದ್ದರಲ್ಲಿ ಹೆಚ್ಚಿನ ಪಾಲು ವಾಪಸ್ ಬಂದಿತ್ತು. ಆದರೂ ಅವರ ದೇಹ ಸುಮ್ಮನೆ ಕೂತಾಗ ಖರ್ಚು ಮಾಡುವ ಶಕ್ತಿ, ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಉಳಿದಿತ್ತು. ಬರ ಬಂತೆಂದು ದೇಹ ಕೈ ಬಿಗಿ ಮಾಡುತ್ತದೆ, ಹಸಿವಿನ ಹಾರ್ಮೋನುಗಳೂ ಏರುತ್ತವೆ. ಇದು ಸೋಮಾರಿತನ ಅಲ್ಲ. ಇದನ್ನು ಕೇಳಿದಾಗ ಮೊದಲ ಸಲ ಆ ಚೀಲ ನೆಲಕ್ಕೆ ಇಳಿಯಿತು.

ಮುಂದಿನ ಸಲ ಅಪ್ಪನೂ ಬರಲಿ ಎಂದೆ. ಬಂದರು. ಸಣ್ಣ ಕೈಕಾಲು, ಕುತ್ತಿಗೆಯ ಎಲುಬು ಕಾಣುವಂಥ ಮೈ, ಅಂಗಿಯ ಕೆಳಗಿನ ಗುಂಡಿ ಮಾತ್ರ ಬಿಗಿ. "ನಾ ಮೊದಲಿಂದ ಬಡಕಲ ಮನಷ್ಯಾರಿ, ನನಗೇನ ಆಗ್ತೈತಿ," ಎಂದು ನಕ್ಕರು. ಮನೆಯಲ್ಲಿ ಯಾರ ಕಣ್ಣೂ ಅವರ ಹೊಟ್ಟೆಯ ಮೇಲೆ ಬಿದ್ದಿರಲಿಲ್ಲ.

ದರ್ಜಿಯವರು ಬಳಸುವ ಟೇಪು ತೆಗೆದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ ಟೇಪು ಸುತ್ತಬೇಕು. ಉಸಿರು ಬಿಟ್ಟು ನಿಲ್ಲಬೇಕು, ಹೊಟ್ಟೆ ಒಳಗೆ ಎಳೆಯಬಾರದು. ಮಗಳು 160 ಸೆಂಟಿಮೀಟರ್ ಎತ್ತರ, ಸುತ್ತಳತೆ 88. ಅಪ್ಪ 168 ಎತ್ತರ, ಸುತ್ತಳತೆ 93. ಸುತ್ತಳತೆಯನ್ನು ಎತ್ತರದಿಂದ ಭಾಗಿಸಿದರೆ ಇಬ್ಬರದೂ 0.55ರ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಆದರೆ ಎಚ್ಚರ ಬೇಕು. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಎನ್ನುವ ಲೆಕ್ಕದಲ್ಲಿ ಮಾತ್ರ ಮಗಳದು 28.9, ಅಪ್ಪನದು 22.7. ಭಾರತೀಯರಿಗೆ 23 ದಾಟಿದರೆ ಜಾಸ್ತಿ ಅನ್ನುತ್ತಾರೆ. ಅಂದರೆ ಆ ಲೆಕ್ಕಕ್ಕೆ ಅಪ್ಪ ಪಾಸು!

ಇದು ನಮ್ಮ ಕಡೆಯ ಮೈಯ ಗುಣ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರದೇ ಅಳತೆಯನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ದೊಡ್ಡ ಸಮೀಕ್ಷೆಯಲ್ಲೂ ದೇಶದಲ್ಲಿ ಬಿಎಂಐ ಪ್ರಕಾರ ಬೊಜ್ಜಿರುವವರು ಶೇ. 28.6, ಹೊಟ್ಟೆಯ ಬೊಜ್ಜಿರುವವರು ಶೇ. 39.5. ಹೊಟ್ಟೆಯೊಳಗೆ, ಲಿವರ್ ಸುತ್ತ ಕೂತ ಕೊಬ್ಬು, ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಕೆಲಸವನ್ನು ಕೆಡಿಸುತ್ತದೆ. ತೊಡೆ, ಸೊಂಟದ ಚರ್ಮದ ಕೆಳಗಿನ ಕೊಬ್ಬು ಅಷ್ಟು ಕಾಟ ಕೊಡುವುದಿಲ್ಲ.

ರಕ್ತ ಪರೀಕ್ಷೆಗೆ ಇಬ್ಬರನ್ನೂ ಅವರ ಡಾಕ್ಟರ ಹತ್ತಿರ ಕಳಿಸಿದೆ. ಮಗಳ ಶುಗರ್ ಸರಿ ಇತ್ತು. ಮುಟ್ಟು ಮಾತ್ರ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು, ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ಪಿಸಿಓಡಿ ಎಂಬ ತೊಂದರೆ ಎಂದು ಗೊತ್ತಾಯಿತು. ಅಪ್ಪನ ಖಾಲಿ ಹೊಟ್ಟೆಯ ಶುಗರ್ 142. 126 ಮುಟ್ಟಿದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ, ಇನ್ನೊಮ್ಮೆ ಮಾಡಿಸಿದಾಗಲೂ ದಾಟಿಯೇ ಇತ್ತು. ಅವ್ವ ಬಹಳ ಹೊತ್ತು ಮಾತಾಡಲಿಲ್ಲ.

2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ತಜ್ಞರ ಆಯೋಗ ಹೇಳಿದ್ದು ಇದನ್ನೇ: ಬರೀ ಬಿಎಂಐ ನೋಡಿ ಬೊಜ್ಜಿನ ಕಾಯಿಲೆ ಎಂದು ತೀರ್ಮಾನಿಸಬೇಡಿ. ಸುತ್ತಳತೆ ನೋಡಿ, ಅಂಗಾಂಗಗಳಿಗೆ ತೊಂದರೆಯಾಗಿದೆಯೇ, ದಿನದ ಕೆಲಸಕ್ಕೆ ಅಡ್ಡಿಯಾಗಿದೆಯೇ ನೋಡಿ. ಅದೇ ತಿಂಗಳು ನಮ್ಮ ದೇಶದ ವೈದ್ಯರೂ ಭಾರತೀಯರಿಗೆಂದು ಎರಡು ಹಂತದ ಹೊಸ ವಿಂಗಡಣೆ ಕೊಟ್ಟರು. ಮೈ ನೋಡಿ ರೋಗ ಹೇಳುವ ಅಧಿಕಾರ ಇನ್ನು ಸೋದರತ್ತೆಗೂ ಇಲ್ಲ, ಕನ್ನಡಿಗೂ ಇಲ್ಲ.

ಇನ್ನು ಇಂಜೆಕ್ಷನ್. ಅದು ಸುಳ್ಳು ಔಷಧಿ ಅಲ್ಲ. 2021ರ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಚುಚ್ಚುವ ಸೆಮಾಗ್ಲುಟೈಡ್ ಎಂಬ ಈ ಔಷಧಿ ತೆಗೆದುಕೊಂಡವರ ತೂಕ 68 ವಾರದಲ್ಲಿ ಸರಾಸರಿ ಶೇ. 15ರಷ್ಟು ಇಳಿಯಿತು. 2023ರಲ್ಲಿ, ಶುಗರ್ ಇಲ್ಲದ ಆದರೆ ಹೃದ್ರೋಗ ಇದ್ದ 17,604 ಜನರ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ತೊಂದರೆಯಿಂದ ಸಾವು ಎಲ್ಲ ಸೇರಿ ಶೇ. 20ರಷ್ಟು ಕಡಿಮೆಯಾದವು. ಅಗತ್ಯ ಇರುವವರಿಗೆ ಇದು ನಿಜವಾಗಿ ದೊಡ್ಡ ಆಸರೆ, ತೆಗೆದುಕೊಳ್ಳುವವರನ್ನು ಹಂಗಿಸುವುದೂ ತಪ್ಪು. ಆದರೆ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದದ್ದೂ ದಾಖಲಾಗಿದೆ. ಮದುವೆಯ ಫೋಟೋಕ್ಕಾಗಿ ಐದು ತಿಂಗಳು ಚುಚ್ಚಿಸಿಕೊಂಡು ಬಿಡುವ ವಸ್ತು ಅದಲ್ಲ. ಮದುವೆ ಹುಡುಗಿಗೆ ಇನ್ನೊಂದು ಮಾತು ತಿಳಿದಿರಲೇಬೇಕು: ಬಸಿರಾಗುವ ಯೋಚನೆ ಇದ್ದರೆ ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಇಂಥದ್ದೇ ಇನ್ನೊಂದು ಇಂಜೆಕ್ಷನ್ ಟಿರ್ಜೆಪಟೈಡ್ ಆದರೆ ಗರ್ಭನಿರೋಧಕ ಮಾತ್ರೆಯ ಪರಿಣಾಮ ಕಡಿಮೆಯಾಗಬಹುದು. ಬೇಕೋ ಬೇಡವೋ ಹೇಳುವುದು ನನ್ನ ಕೆಲಸ ಅಲ್ಲ. ಹಾರ್ಮೋನ್ ತಜ್ಞರ ಹತ್ತಿರ ಹೋಗಿ, ಪರಿಚಯದವರ ಕೈಯಿಂದ ತರಿಸಬೇಡಿ, ತೀರ್ಮಾನ ಶ್ವೇತಾಳದೇ ಇರಲಿ ಎಂದೆ.

ಮನೆಗೆ ಕೊಟ್ಟ ಸಲಹೆಯಲ್ಲಿ ಮೊದಲನೆಯದು ಮತ್ತು ಬಹಳ ಕಷ್ಟದ್ದು: ಯಾರ ತೂಕದ ಸುದ್ದಿಯೂ ಮನೆಯಲ್ಲಿ ಬೇಡ, ಹೊಗಳಿಕೆಯೂ ಬೇಡ. "ಇಳದೀಯಲ್ಲವಾ" ಅಂದರೂ ಏರಿದ ದಿನ ಅದು ಚುಚ್ಚುತ್ತದೆ. ಡಬ್ಬಿ ಅಟ್ಟಕ್ಕೆ ಹಾಕಬೇಡಿ, ಇದ್ದಲ್ಲೇ ಇರಲಿ. ಶ್ವೇತಾ ಬೆಳಿಗ್ಗೆ ಉಪವಾಸ ಬಿಡಬೇಕು. ದಿನವಿಡೀ ಹಸಿದ ಹೊಟ್ಟೆ ರಾತ್ರಿ ಕೇಳಿಯೇ ಕೇಳುತ್ತದೆ. ಆಫೀಸಿಗೆ ಊಟದ ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಮಡಕಿಕಾಳು ಇಲ್ಲವೇ ಹೆಸರುಕಾಳಿನ ಪಲ್ಯ, ಸೊಪ್ಪು, ಮೊಸರು ಒಯ್ಯಲಿ. ಸಂಜೆ ಅಪ್ಪ ಮಗಳು ಇಬ್ಬರೂ ಭೀಷ್ಮ ಕೆರೆಯ ಕಡೆ ಹೋಗಿ ನಡೆಯಲಿ. ಅಪ್ಪ ಅಂಗಡಿಯಲ್ಲಿ ಕೂತಲ್ಲೇ ಕುಡಿಯುವ ಸಕ್ಕರೆ ಚಹಾ ಎಣಿಸಲಿ. ಹದಿನೈದು ಕೆಜಿ ಮರೆತುಬಿಡಿ, ಐದಾರು ಸಾಕು. ಅಮೆರಿಕದ 2002ರ ಅಧ್ಯಯನದಲ್ಲಿ ಶುಗರ್ ಬರುವ ಅಂಚಿನಲ್ಲಿದ್ದವರಿಗೆ ಗುರಿ ಕೊಟ್ಟದ್ದು ಶೇ. 7ರಷ್ಟು ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ನಡಿಗೆ. ಅಷ್ಟಕ್ಕೇ ಸಕ್ಕರೆ ಕಾಯಿಲೆ ಶೇ. 58 ಕಡಿಮೆಯಾಯಿತು. ಪಿಸಿಓಡಿಯಲ್ಲೂ ಸ್ವಲ್ಪ ಇಳಿದರೆ ಮುಟ್ಟು ಸರಿಹೋಗುವುದುಂಟು.

ಹುಡುಗನಿಗೆ ಪಿಸಿಓಡಿ ವಿಷಯ ತಿಳಿಸುವುದೋ ಬೇಡವೋ ಎಂದು ಅವ್ವ ಅಂಜಿದ್ದರು. ಶ್ವೇತಾಳೇ ಫೋನ್ ಮಾಡಿ ಹೇಳಿದಳು. ಅವನ ಅಕ್ಕನಿಗೂ ಅದೇ ಇತ್ತಂತೆ.

ಮದುವೆಯ ಹೊತ್ತಿಗೆ ಅವಳ ತೂಕ ನಾಲ್ಕು ಕೆಜಿ ಇಳಿದಿತ್ತು, ಮುಟ್ಟು ಎರಡು ಸಲ ಸರಿಯಾದ ದಿನಕ್ಕೆ ಬಂತು. ತಜ್ಞರ ಜೊತೆ ಮಾತಾಡಿ ಇಂಜೆಕ್ಷನ್ ಸದ್ಯಕ್ಕೆ ಬೇಡ ಎಂದುಕೊಂಡಿದ್ದಾಳೆ. ಅಪ್ಪ ಮಾತ್ರೆ ಶುರು ಮಾಡಿದ್ದಾರೆ. ಅರಿಶಿಣದ ದಿನ ಸೋದರತ್ತೆ ಬಾಯಿ ತೆರೆದಾಗ "ಆ ಸುದ್ದಿ ನಮ್ಮನ್ಯಾಗ ಬ್ಯಾಡ್ರಿ" ಎಂದು ಅವ್ವನೇ ತಡೆದರಂತೆ. ರಾತ್ರಿ ತಿನ್ನುವುದು ಬಹಳ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಹೊಸ ಮನೆ, ಹೊಸ ಜನ, ಮತ್ತೆ ಶುರುವಾಗಲೂಬಹುದು. ಹಾಗಾದರೆ ಮುಚ್ಚಿಡದೆ ಹೇಳಬೇಕು ಎಂದು ಮಾತಾಗಿದೆ. ಹದಿನೈದು ದಿನಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದೇವೆ.